ಅಕ್ಕಾ, ಪುಟ್ಟನ ಕ್ರೀಮ್ ವಿಷಯ

ಅಕ್ಕಾ,

ನಿನ್ನೆ ಫೋನಲ್ಲಿ ಸರಿಯಾಗಿ ಹೇಳೋಕಾಗ್ಲಿಲ್ಲ, ಅದಕ್ಕೇ ಬರೀತಿದೀನಿ, ಅಮ್ಮಂಗೂ ಓದಿ ಹೇಳು. ಚರ್ಮ ಕೆರಳಿದ ನನ್ನ ಫೋಟೋ ನೋಡಿ ಹೆದರ್ಕೊಂಡು, ಪುಟ್ಟನ ಇಸುಬಿಗೆ ಡಾಕ್ಟರ್ ಕೊಟ್ಟಿರೋ ಸ್ಟೀರಾಯ್ಡ್ ಕ್ರೀಮ್ ನಿಲ್ಲಿಸಿಬಿಟ್ಟೆ ಅಂದ್ಯಲ್ಲ, ಆಗಿಂದ ನಂಗೆ ಸಮಾಧಾನ ಇಲ್ಲ.

ನನ್ನ ಕಥೆ ಬೇರೆ ಕಣಕ್ಕಾ. ನಾನು ಹಚ್ಚಿದ್ದು ಕ್ಲೊಬೆಟಾಸಾಲ್, ಕೆಂಪು, ನವೆ ತಗ್ಗಿಸೋ ಸ್ಟೀರಾಯ್ಡ್ ಮುಲಾಮುಗಳಲ್ಲಿ ಅತಿ ಜೋರಿನ ಗುಂಪಿಂದು, ಅದೂ ಮುಖಕ್ಕೆ ಕತ್ತಿಗೆ, ಆರು ವರ್ಷ. ಎರಡು ವಾರಕ್ಕೆ ಅಂತ ಬರೆದುಕೊಟ್ಟಿದ್ದನ್ನ ನವೆ ಎದ್ದಾಗೆಲ್ಲಾ ಹಚ್ತಾ ಹೋದೆ, ಯಾರೂ ಬೇಡ ಅನ್ಲಿಲ್ಲ, ಕೊನೆಗೊಂದಿನ ಯಾರನ್ನೂ ಕೇಳದೆ ದಿಢೀರ್ ನಿಲ್ಲಿಸಿದೆ. ಹತ್ತೇ ದಿನಕ್ಕೆ ಸ್ಟೀರಾಯ್ಡ್ ಬಿಟ್ಟಿದ್ದರ ತೊಂದರೆ ಶುರುವಾಯ್ತು.

ಇಸುಬಿನ ನವೆ ನಂಗೇನು ಹೊಸದಲ್ಲ, ಮೊಣಕೈ ಮಡಿಕೆ, ಮಂಡಿ ಹಿಂದೆ ಕೆರ್ಕೊಂಡೇ ಬೆಳೆದೋನು. ಇದು ಬರೀ ನವೆ ಅಲ್ಲ, ಉರಿ. ಯಾವತ್ತೂ ಇಸುಬು ಬರದ ಜಾಗಕ್ಕೂ ಹಬ್ತು. ತೋಳೆಲ್ಲಾ ಕೆಂಪಾಗಿ ಮಣಿಕಟ್ಟಿನ ಹತ್ರ ಗೆರೆ ಎಳೆದಂಗೆ ನಿಂತುಬಿಡೋದು, ಅಂಗೈಗೆ ಮಾತ್ರ ಏನೂ ಇಲ್ಲ. ಬೆಳಿಗ್ಗೆ ಎದ್ರೆ ಕತ್ತಿನ ರಸಿ ಒಣಗಿ ದಿಂಬಿನ ಕವರ್ ಅಂಟ್ಕೊಂಡಿರೋದು, ಒದ್ದೆ ಬಟ್ಟೆ ಇಟ್ಟು ನೆನೆಸಿ ಚೂರುಚೂರೇ ಬಿಡಿಸ್ತಿದ್ದೆ, ಹಾಸಿಗೆ ಕೊಡವಿದ್ರೆ ಬರೀ ಹೊಟ್ಟು. ರೂಮ್ ಬೆಚ್ಚಗಿದ್ರೂ ನಡುಕ. ನಿದ್ದೆ ಹತ್ತೋದು ನಾಲ್ಕು ಗಂಟೆಗೆ. ನಿಮಗೆ ಆಗ ಹೇಳ್ಲಿಲ್ಲ, ಅಮ್ಮ ಅಳ್ತಾಳೆ ಅಂತ.

ಮೊದಲು ತೋರಿಸಿದ ಡಾಕ್ಟರ್ ಇಸುಬೇ ಜಾಸ್ತಿಯಾಗಿದೆ ಅಂತ ಮತ್ತೆ ಅದೇ ಟ್ಯೂಬ್ ಬರೆದ್ರು. ಈಗಿನವರು ಕೂರಿಸ್ಕೊಂಡು ಪೂರ್ತಿ ಕೇಳಿದ್ರು. ಸ್ಟೀರಾಯ್ಡ್ ಚರ್ಮದ ರಕ್ತನಾಳಗಳನ್ನ ಬಿಗಿ ಹಿಡಿಯುತ್ತಂತೆ, ವರ್ಷಗಟ್ಟಲೆ ಹಚ್ಚಿ ಬಿಟ್ರೆ ಅವು ಒಮ್ಮೆಲೇ ಹಿಗ್ತವಂತೆ. ಬ್ರಿಟನ್ನಿನ ಔಷಧ ನಿಯಂತ್ರಣದವರು 2021ರಲ್ಲೇ ಸ್ಟೀರಾಯ್ಡ್ ಮುಲಾಮು ಬಿಟ್ಟಾಗ ಬರೋ ಈ ತೊಂದರೆ ಬಗ್ಗೆ ಎಚ್ಚರಿಕೆ ಕೊಟ್ಟಿದಾರೆ. ಈಗ ಮುಖಕ್ಕೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್, ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ, ಮೈ ಒದ್ದೆ ಇರೋವಾಗ್ಲೇ ವಾಸನೆ ಇಲ್ಲದ ಮಾಯಿಶ್ಚರೈಸರ್. ಹದಿನಾಲ್ಕು ತಿಂಗಳಾಯ್ತು. ಒಂದು ವಾರ ಚೆನ್ನಾಗಿದ್ರೆ ಇನ್ನೊಂದು ವಾರ ಕೆರಳುತ್ತೆ, ಆದ್ರೂ ಉದುರಿಹೋಗಿದ್ದ ಹುಬ್ಬು ಮತ್ತೆ ಬಂದಿದೆ ಅಕ್ಕಾ, ರಾತ್ರಿ ಆರು ಗಂಟೆ ನಿದ್ದೆ ಮಾಡ್ತೀನಿ.

ಪುಟ್ಟಂಗೆ ಕೊಟ್ಟಿರೋದು 1% ಹೈಡ್ರೋಕಾರ್ಟಿಸೋನ್, ಅದೂ ಸ್ಟೀರಾಯ್ಡೇ, ಆದ್ರೆ ಕಡಿಮೆ ಜೋರಿಂದು, ಅದೂ ಕೆಲವೇ ದಿನಕ್ಕೆ. ಇಸುಬನ್ನ ಹಾಗೇ ಬಿಟ್ರೆ ಮಗು ಕೆರೆದು ಗಾಯ ಮಾಡ್ಕೊಂಡು ಕೀವಾಗುತ್ತೆ. ಎಷ್ಟು ದಿನ, ಎಲ್ಲೆಲ್ಲಿ, ನಿಲ್ಲಿಸೋದು ಹೇಗೆ, ಮೂರನ್ನೂ ಡಾಕ್ಟರ್ ಹತ್ರ ಬರೆಸ್ಕೊ. ನಿನ್ನ ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದ್ರೆ ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿ ನಿನ್ನ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹಾಂ, ಪ್ಯಾರಫಿನ್ ಇರೋ ಮುಲಾಮು ಮೆತ್ಕೊಂಡ ಬಟ್ಟೆ ಬೇಗ ಬೆಂಕಿ ಹಿಡಿಯುತ್ತೆ, ಅವನನ್ನ ಒಲೆ ಹತ್ರ ಬಿಡಬೇಡ.

ಉಗುರು ಇವತ್ತೇ ಕತ್ತರಿಸು. ಡಾಕ್ಟರ್ ನೋಡಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಎದ್ದಿರ್ತೀನಿ.

ನಿನ್ನ ತಮ್ಮ