‘ಅನ್‌ಲಿಮಿಟೆಡ್’ ಡೇಟಾದ ಮಿತಿಯನ್ನು ಕನ್ನಡದಲ್ಲಿ, ಕಾಣುವ ಅಕ್ಷರದಲ್ಲಿ ಮುದ್ರಿಸಲಿ

ಮಾನ್ಯ ಸಂಪಾದಕರೆ,

ಮೊಬೈಲ್ ಕಂಪನಿಗಳು ‘ಅನ್‌ಲಿಮಿಟೆಡ್’ ಎಂದು ಮಾರುತ್ತಿರುವ ಬಹುಪಾಲು ಪ್ರಿಪೇಯ್ಡ್ ಪ್ಯಾಕ್‌ಗಳಲ್ಲಿ ಡೇಟಾಕ್ಕೆ ದಿನದ ಮಿತಿ ಇರುತ್ತದೆ. ಪ್ಯಾಕಿಗೆ ತಕ್ಕಂತೆ ಒಂದು, ಒಂದೂವರೆ ಅಥವಾ ಎರಡು ಜಿಬಿ ಮುಗಿದೊಡನೆ ವೇಗ ಕುಸಿದು, ಮಧ್ಯರಾತ್ರಿ ಹನ್ನೆರಡರವರೆಗೆ ಇಂಟರ್ನೆಟ್ ಇದ್ದೂ ಇಲ್ಲದಂತಾಗುತ್ತದೆ. ಮಿತಿ ಇರಕೂಡದೆಂದು ನಾನು ವಾದಿಸುತ್ತಿಲ್ಲ. ಆ ಮಿತಿ ಎಷ್ಟು, ಅದು ಮುಗಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಗ್ರಾಹಕರು ಹಣ ಕೊಡುವ ಮೊದಲೇ, ಅವರು ಓದಬಲ್ಲ ಭಾಷೆಯಲ್ಲಿ, ಕಣ್ಣಿಗೆ ಬೀಳುವಂತೆ ತಿಳಿಸಬೇಕು ಎಂಬುದಷ್ಟೇ ನನ್ನ ಬೇಡಿಕೆ. ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಫೈಬರ್ ಸಂಪರ್ಕ ಬಂದಿಲ್ಲ. ಅಲ್ಲಿ ಕೈಯಲ್ಲಿರುವ ಮೊಬೈಲೇ ಇಡೀ ಮನೆಯ ಇಂಟರ್ನೆಟ್ ಆಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಧುಗಿರಿ ಬಸ್ ನಿಲ್ದಾಣದ ಆಸುಪಾಸಿನ ರೀಚಾರ್ಜ್ ಅಂಗಡಿಯೊಂದರ ಗೋಡೆಯ ಮೇಲೆ ಅಂಟಿಸಿದ್ದ ಭಿತ್ತಿಪತ್ರವನ್ನು ಇತ್ತೀಚೆಗೆ ನಿಂತು ಓದಿದೆ. ‘ಅನ್‌ಲಿಮಿಟೆಡ್ ಡೇಟಾ, ಅನ್‌ಲಿಮಿಟೆಡ್ ಕರೆ’ ಎಂಬ ಕನ್ನಡದ ಸಾಲು ರಸ್ತೆಯ ಆಚೆ ಬದಿಗೂ ಕಾಣುವಷ್ಟು ದೊಡ್ಡದಾಗಿತ್ತು. ದಿನದ ಮಿತಿ, ಮಿತಿಯ ನಂತರದ ವೇಗ, 5ಜಿ ಯಾರಿಗೆ ಸಿಗುತ್ತದೆ ಎಂಬ ವಿವರಗಳೆಲ್ಲ ಭಿತ್ತಿಪತ್ರದ ತಳದಲ್ಲಿ, ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡು ಹತ್ತಿರ ಹೋದರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿದ್ದವು. ನಾನು ನಿಂತಿದ್ದಾಗ ಬಂದ ರೈತರೊಬ್ಬರು ‘ಅನ್‌ಲಿಮಿಟೆಡ್ ಹಾಕಪ್ಪ’ ಎಂದರು, ಅಂಗಡಿಯ ಹುಡುಗ ಹಾಕಿದ. ಮಿತಿಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಆ ಹುಡುಗನನ್ನು ದೂರುವಂತಿಲ್ಲ. ಕಂಪನಿಯೇ ಹೇಳದ ಷರತ್ತನ್ನು ಅಲ್ಪ ಕಮಿಷನ್ನಿಗೆ ಕೂತವನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಮಿತಿ ದಾಟಿದ ಮೇಲೆ ಉಳಿಯುವ ವೇಗ ಅನೇಕ ಪ್ಯಾಕ್‌ಗಳಲ್ಲಿ 64 ಕೆಬಿಪಿಎಸ್. ಸೆಕೆಂಡಿಗೆ ಎಂಟು ಕಿಲೋಬೈಟ್ ಎಂದು ಇದನ್ನು ಬಿಡಿಸಿಕೊಂಡರೆ, ಒಂದು ಎಂಬಿಯ ಪಿಡಿಎಫ್ ಇಳಿಸಿಕೊಳ್ಳಲು ಎರಡು ನಿಮಿಷಕ್ಕೂ ಹೆಚ್ಚು, ಐದು ಎಂಬಿಯ ಪಠ್ಯ ಇಳಿಸಿಕೊಳ್ಳಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಅದೂ ಸಂಪರ್ಕ ನಡುವೆ ಎಲ್ಲೂ ಕಡಿಯದಿದ್ದರೆ. ವಾಟ್ಸ್‌ಆ್ಯಪ್‌ನಲ್ಲಿ ಬರಹದ ಸಂದೇಶ ಹೋಗುತ್ತದೆ, ಚಿತ್ರ ತಿರುಗುತ್ತಲೇ ಇರುತ್ತದೆ, ವಿಡಿಯೊ ಪಾಠ ತೆರೆಯುವುದೇ ಇಲ್ಲ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ (ಅಂದರೆ ಸುಮಾರು 2,000 ಕೆಬಿಪಿಎಸ್) ಡೌನ್‌ಲೋಡ್ ವೇಗ ಇರಬೇಕೆಂದು ಕೇಂದ್ರ ದೂರಸಂಪರ್ಕ ಇಲಾಖೆ 2023ರ ಜನವರಿಯಲ್ಲಿ ವ್ಯಾಖ್ಯೆಯನ್ನು ಪರಿಷ್ಕರಿಸಿದೆ. 64 ಕೆಬಿಪಿಎಸ್ ಅದರ ಮೂವತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಅಂದರೆ ಸರ್ಕಾರದ ವ್ಯಾಖ್ಯೆಯ ಪ್ರಕಾರವೇ, ಮಿತಿ ಮುಗಿದ ಮೇಲೆ ಗ್ರಾಹಕರಿಗೆ ಸಿಗುತ್ತಿರುವುದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಬರುವುದಿಲ್ಲ.

ಇದನ್ನು ಸಿನಿಮಾ, ರೀಲ್ಸ್ ನೋಡುವವರ ತೊಂದರೆ ಎಂದು ಹಗುರವಾಗಿ ತಳ್ಳಿಹಾಕುವವರಿದ್ದಾರೆ. ನಮ್ಮ ಬೀದಿಯಲ್ಲಿ ಪದವಿ ಓದುತ್ತಿರುವ ಹೆಣ್ಣುಮಗಳೊಬ್ಬಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ತುಂಬಲು ಕುಳಿತದ್ದನ್ನು ನಾನು ಪಕ್ಕದಲ್ಲಿದ್ದು ನೋಡಿದ್ದೇನೆ. ಬೆಳಿಗ್ಗೆ ತಮ್ಮನ ಪಾಠಕ್ಕೆಂದು ಹಾಟ್‌ಸ್ಪಾಟ್ ಕೊಟ್ಟಿದ್ದರಿಂದ ಸಂಜೆಯ ಹೊತ್ತಿಗೆ ಆ ದಿನದ ಡೇಟಾ ಮುಗಿದಿತ್ತು. ಒಟಿಪಿ ಎಸ್‌ಎಂಎಸ್‌ನಲ್ಲಿ ಬರುವುದರಿಂದ ಅದೇನೋ ಸಕಾಲಕ್ಕೆ ಬಂತು, ಆದರೆ ಅದನ್ನು ನಮೂದಿಸಬೇಕಾದ ಪುಟ ತೆರೆಯುವಷ್ಟರಲ್ಲಿ ಒಟಿಪಿಯ ಅವಧಿ ಮೀರಿತ್ತು. ಮತ್ತೆ ಕೇಳಿದಳು, ಮತ್ತೆ ಅದೇ ಆಯಿತು. ಅಷ್ಟರಲ್ಲಿ ‘ನಿಮ್ಮ ಇಂದಿನ ಡೇಟಾ ಮುಗಿದಿದೆ, ಇನ್ನಷ್ಟು ಡೇಟಾಕ್ಕೆ ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂತು. ಅನ್‌ಲಿಮಿಟೆಡ್ ಎಂದು ಹಣ ಪಡೆದ ಕಂಪನಿಯೇ ಅದೇ ಅವಧಿಯೊಳಗೆ ಅದೇ ಗ್ರಾಹಕರಿಗೆ ಹೆಚ್ಚುವರಿ ಡೇಟಾವನ್ನು ಮತ್ತೊಮ್ಮೆ ಮಾರುವುದು ನನಗೆ ಎಷ್ಟು ಯೋಚಿಸಿದರೂ ಸರಿಯೆನಿಸುವುದಿಲ್ಲ.

ಇಂದು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬೆಳೆ ಸಮೀಕ್ಷೆಯ ಫೋಟೊ, ಅಂಗನವಾಡಿ ಕಾರ್ಯಕರ್ತೆಯರು ತುಂಬಬೇಕಾದ ‘ಪೋಷಣ್ ಟ್ರ್ಯಾಕರ್’ ಆ್ಯಪ್, ಸಿಇಟಿ ಅರ್ಜಿ ಎಲ್ಲವೂ ಇಂಟರ್ನೆಟ್ ಮೂಲಕವೇ ನಡೆಯಬೇಕು. ಸರ್ಕಾರ ತನ್ನ ಕಿಟಕಿಗಳನ್ನು ಒಂದೊಂದಾಗಿ ಮೊಬೈಲಿಗೆ ವರ್ಗಾಯಿಸಿದ ಮೇಲೆ, ದಿನದ ಮಿತಿ ಮುಗಿದವರಿಗೆ ಆ ಕಿಟಕಿ ಮುಚ್ಚಿದಂತೆಯೇ ಆಯಿತು.

ಕಂಪನಿಗಳ ಪರವಾಗಿ ಹೇಳಬಹುದಾದ ಮಾತು ಇದೆ, ಅದನ್ನು ನಾನು ಒಪ್ಪುತ್ತೇನೆ. ನಿಸ್ತಂತು ಜಾಲದಲ್ಲಿ ಒಂದು ಟವರ್‌ನ ಸಾಮರ್ಥ್ಯವನ್ನು ಸುತ್ತಲಿನ ಎಲ್ಲ ಬಳಕೆದಾರರೂ ಹಂಚಿಕೊಳ್ಳಬೇಕಾಗುತ್ತದೆ. ತರಂಗಾಂತರ ಹಂಚಿಕೆ ಸೀಮಿತ, ಅದನ್ನು ಹರಾಜಿನಲ್ಲಿ ದುಬಾರಿ ಬೆಲೆ ಕೊಟ್ಟು ಪಡೆದಿರುತ್ತಾರೆ. ಕೆಲವರು ಮಿತಿಯಿಲ್ಲದೆ ಎಳೆದುಕೊಂಡರೆ ಉಳಿದವರಿಗೆ ತೊಂದರೆಯಾಗುತ್ತದೆ. ಆದರೆ ಈ ಕಾರಣವನ್ನು ಒಪ್ಪಿಕೊಂಡರೂ ದಿನದ ಲೆಕ್ಕದ ಮಿತಿ ಅದಕ್ಕೆ ಸರಿಯಾದ ಉತ್ತರವಾಗುವುದಿಲ್ಲ. ಟವರ್ ಮೇಲೆ ಒತ್ತಡ ಬೀಳುವುದು ಮುಖ್ಯವಾಗಿ ಸಂಜೆಯಿಂದ ರಾತ್ರಿ ಊಟದ ಹೊತ್ತಿನವರೆಗೆ. ನಸುಕಿನಲ್ಲಿ ಎದ್ದು ಪಾಠ ಇಳಿಸಿಕೊಳ್ಳುವ ವಿದ್ಯಾರ್ಥಿಯಿಂದ ಆ ಹೊತ್ತಿನಲ್ಲಿ ಯಾರಿಗೂ ಅಡ್ಡಿಯಿಲ್ಲ. ಆದರೂ ಆಗ ಬಳಸಿದ ಡೇಟಾ ರಾತ್ರಿ ಎಂಟರ ಡೇಟಾದಷ್ಟೇ ಮಿತಿಯಿಂದ ಕಳೆಯುತ್ತದೆ. ಜಾಲದ ಒತ್ತಡವೇ ನಿಜವಾದ ಕಾರಣವಾದರೆ, ಒತ್ತಡವಿರುವ ಟವರ್‌ನಲ್ಲಿ, ಒತ್ತಡವಿರುವ ಹೊತ್ತಿಗೆ, ಹೆಚ್ಚು ಬಳಸಿದವರ ವೇಗವನ್ನು ಸ್ವಲ್ಪ ತಗ್ಗಿಸಿದರೆ ಸಾಕು.

ಬಳಸದೆ ಉಳಿದ ಡೇಟಾದ ಗತಿ ಇದಕ್ಕಿಂತ ಬೇಸರ ತರುವಂಥದ್ದು. ಹೊಲದ ಕೆಲಸವಿರುವ ದಿನ ಮೊಬೈಲ್ ಮುಟ್ಟದ ರೈತರ ಒಂದೂವರೆ ಜಿಬಿ ಮಧ್ಯರಾತ್ರಿಗೆ ಹಾಗೆಯೇ ಇಲ್ಲವಾಗುತ್ತದೆ. ಮಾರನೆಯ ದಿನ ಬೆಳೆ ಸಾಲದ ಕಾಗದಪತ್ರಕ್ಕೆಂದು ಸ್ವಲ್ಪ ಹೆಚ್ಚು ಬೇಕಾದಾಗ, ನಿನ್ನೆ ಹಣ ಕೊಟ್ಟು ಬಳಸದೆ ಬಿಟ್ಟದ್ದು ಇಂದಿನ ಲೆಕ್ಕಕ್ಕೆ ಬರುವುದಿಲ್ಲ. ವಾರದಲ್ಲಿ ಉಳಿದ ಡೇಟಾವನ್ನು ವಾರಾಂತ್ಯಕ್ಕೆ ಬಳಸಲು ಬಿಡುವ ಪ್ಯಾಕ್‌ಗಳು ನಮ್ಮ ದೇಶದಲ್ಲೇ ಇವೆ. ಆದ್ದರಿಂದ ತಾಂತ್ರಿಕವಾಗಿ ಸಾಧ್ಯವಿಲ್ಲ ಎನ್ನಲಾಗದು. 28 ದಿನದ ಅವಧಿಯಿಂದಾಗಿ ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಬಾರಿ ರೀಚಾರ್ಜ್ ಮಾಡಿಸಬೇಕಾಗಿ ಬಂದಾಗಲೂ ಹೀಗೆಯೇ ಜನ ದೂರಿದ್ದರು. 2022ರಲ್ಲಿ ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನಾದರೂ ಇಡಬೇಕೆಂದು ಆದೇಶಿಸಿತು. ಕೇಳಿದರೆ ಆಗುತ್ತದೆ ಎಂಬುದಕ್ಕೆ ಇದು ನಿದರ್ಶನ.

‘ಅನ್‌ಲಿಮಿಟೆಡ್ 5ಜಿ’ ಎಂಬ ಹೊಸ ಭರವಸೆ ನಮ್ಮಂಥ ಜಿಲ್ಲೆಗೆ ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೊದಲನೆಯದಾಗಿ ಅದಕ್ಕೆ 5ಜಿ ಫೋನ್ ಬೇಕು. 2024ರ ಜುಲೈನಲ್ಲಿ ದರ ಏರಿದಾಗ ಪ್ರಮುಖ ಖಾಸಗಿ ಕಂಪನಿಗಳು ಈ ಸೌಲಭ್ಯವನ್ನು ದಿನಕ್ಕೆ 2 ಜಿಬಿ ಅಥವಾ ಹೆಚ್ಚು ಕೊಡುವ ಪ್ಯಾಕ್‌ಗಳಿಗೆ ಸೀಮಿತಗೊಳಿಸಿದ್ದರಿಂದ ಅಗ್ಗದ ಪ್ಯಾಕ್ ಹಾಕಿಸುವವರು ಹೊರಗುಳಿದರು. ಇವೆರಡೂ ಇದ್ದವರಿಗೂ ಅದು ನಡೆಯುವುದು 5ಜಿ ಸಿಗ್ನಲ್ ಇರುವಲ್ಲಿ ಮಾತ್ರ. 5ಜಿಗೆ ಬಳಕೆಯಲ್ಲಿರುವ 3300 ಮೆಗಾಹರ್ಟ್ಸ್ ಸಾಲಿನ ತರಂಗಗಳು ಹಳೆಯ 900 ಮೆಗಾಹರ್ಟ್ಸ್ ತರಂಗಗಳಷ್ಟು ದೂರ ಹೋಗುವುದಿಲ್ಲ, ದಪ್ಪ ಗೋಡೆಯನ್ನೂ ಸುಲಭವಾಗಿ ದಾಟುವುದಿಲ್ಲ. ತುಮಕೂರು ನಗರದಲ್ಲಿ ನಿರಾತಂಕವಾಗಿ ನಡೆದ 5ಜಿ, ಬಸ್ಸು ಕೊರಟಗೆರೆ ದಾಟಿ ಬೆಟ್ಟಗುಡ್ಡಗಳ ಸಾಲಿಗೆ ಬರುವಾಗ ಎಷ್ಟೋ ಕಡೆ ಕೈಕೊಟ್ಟು ಫೋನ್ ತಾನಾಗಿಯೇ 4ಜಿಗೆ ಇಳಿಯುತ್ತದೆ. ಆ ಕ್ಷಣದಿಂದ ಬಳಸಿದ್ದೆಲ್ಲ ದಿನದ ಮಿತಿಯಲ್ಲಿ ಕಳೆಯತೊಡಗುತ್ತದೆ. ಪರದೆಯ ಮೂಲೆಯ ಸಣ್ಣ ಗುರುತು ಬದಲಾದದ್ದನ್ನು ಗಮನಿಸುವವರು ಎಷ್ಟು ಜನ? ನಗರದ ಗ್ರಾಹಕರೂ ಹಳ್ಳಿಯ ಗ್ರಾಹಕರೂ ಒಂದೇ ಬೆಲೆ ಕೊಡುತ್ತಾರೆ, ಆದರೆ ಅನ್‌ಲಿಮಿಟೆಡ್ ಎಂಬುದು ಅನುಭವಕ್ಕೆ ಬರುವುದು ನಗರದವರಿಗೆ. 2024ರ ಸೇವಾ ಗುಣಮಟ್ಟ ನಿಯಮಾವಳಿಯ ಪ್ರಕಾರ ಕಂಪನಿಗಳು ತಮ್ಮ ಜಾಲದ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಆ ನಕ್ಷೆಯನ್ನು ಹೋಬಳಿವಾರು ಮುದ್ರಿಸಿ ರೀಚಾರ್ಜ್ ಅಂಗಡಿಯಲ್ಲೇ ತೂಗುಹಾಕಿದರೆ ಕೊಳ್ಳುವವರಿಗೆ ನಿಜವಾದ ಉಪಯೋಗವಾದೀತು.

ನಿಯಮಗಳೇ ಇಲ್ಲವೇ ಎಂದರೆ, ಇವೆ. ಡೇಟಾ ಮಿತಿಯ ವಿವರವನ್ನು ಜಾಹೀರಾತಿನಲ್ಲೂ ಜಾಲತಾಣದಲ್ಲೂ ಸ್ಪಷ್ಟವಾಗಿ ಕೊಡಬೇಕೆಂದು ಟ್ರಾಯ್ 2012ರಲ್ಲೂ 2016ರಲ್ಲೂ ನಿರ್ದೇಶನ ನೀಡಿದೆ. 2016ರ ನಿರ್ದೇಶನ ಮನೆಗೆ ತಂತಿ ಎಳೆದು ಕೊಡುವ ಸ್ಥಿರ ಬ್ರಾಡ್‌ಬ್ಯಾಂಡ್‌ಗೆ, ಮಿತಿ ದಾಟಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದೆಂಬ ನೆಲಗಟ್ಟು ಹಾಕಿಕೊಟ್ಟಿತು. ಮೊಬೈಲ್ ಗ್ರಾಹಕರಿಗೆ ಅಂಥ ನೆಲಗಟ್ಟು ಸಿಗಲಿಲ್ಲ. ಹಾಗಾಗಿಯೇ 64 ಕೆಬಿಪಿಎಸ್ ಎಂಬುದು ಕಾನೂನಿನೊಳಗೇ ಉಳಿದುಕೊಂಡಿದೆ. ತಂತಿ ತಲುಪದ ಊರಿನವರಿಗೇ ಈ ರಕ್ಷಣೆ ಹೆಚ್ಚು ಬೇಕಾಗಿತ್ತು.

ಟ್ರಾಯ್‌ನ ನಿರ್ದೇಶನಗಳಿಗಿಂತ ನೇರವಾದದ್ದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ, ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿ. ಜಾಹೀರಾತಿನ ಮುಖ್ಯ ಹೇಳಿಕೆಗೆ ಹಾಕುವ ಷರತ್ತಿನ ಸಾಲು ಆ ಹೇಳಿಕೆಯನ್ನೇ ಅಲ್ಲಗಳೆಯುವಂತಿರಬಾರದು, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು, ಅಕ್ಷರವೂ ಹೇಳಿಕೆಯ ಅಕ್ಷರದಂತೆಯೇ ಇರಬೇಕು, ಎದ್ದು ಕಾಣುವ ಜಾಗದಲ್ಲಿರಬೇಕು ಎಂದು ಅದು ಹೇಳುತ್ತದೆ. ಮಧುಗಿರಿಯ ಆ ಭಿತ್ತಿಪತ್ರವನ್ನು ಈ ಮಾರ್ಗಸೂಚಿಯ ಪಕ್ಕದಲ್ಲಿಟ್ಟು ನೋಡಿದರೆ ಯಾವೊಂದು ಅಂಶವೂ ಹೊಂದುವುದಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಪ್ರಾಧಿಕಾರಕ್ಕಿದೆ. ದೆಹಲಿಯಲ್ಲಿ ಕೂತವರ ಕಣ್ಣಿಗೆ ತಾಲ್ಲೂಕು ಕೇಂದ್ರದ ಗೋಡೆಗಳು ಬೀಳುವುದಿಲ್ಲ. ಆದರೆ ಪ್ರಾಧಿಕಾರಕ್ಕೆ ಈ ಅಧಿಕಾರ ಕೊಟ್ಟ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ, ಇಂಥ ದೂರುಗಳ ವಿಚಾರಣೆ ನಡೆಸಿ ವರದಿ ಕೊಡುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೂ ಕೊಟ್ಟಿದೆ. ತುಮಕೂರಿನ ಜಿಲ್ಲಾಡಳಿತ ಒಮ್ಮೆ ಇತ್ತ ಗಮನ ಹರಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ.

ಟ್ರಾಯ್ ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ. ಮಿತಿ ಇರುವ ಪ್ಯಾಕಿನ ಹೆಸರಿನ ಜೊತೆಯಲ್ಲೇ ಆ ಮಿತಿಯ ಅಂಕಿ ಬರಲಿ: ‘ದಿನಕ್ಕೆ 1.5 ಜಿಬಿ, ನಂತರ 64 ಕೆಬಿಪಿಎಸ್’ ಎಂದು ಬೆಲೆಯ ಅಕ್ಷರದಷ್ಟೇ ದೊಡ್ಡದಾಗಿ, ರಾಜ್ಯದ ಭಾಷೆಯಲ್ಲಿ. ಮಿತಿಯ ನಂತರವೂ ಸರ್ಕಾರಿ ಅರ್ಜಿಯೊಂದನ್ನು ತುಂಬುವಷ್ಟು, ಅಂದರೆ ಸ್ಥಿರ ಬ್ರಾಡ್‌ಬ್ಯಾಂಡ್‌ಗೆ ಹಾಕಿದ 512 ಕೆಬಿಪಿಎಸ್‌ನಷ್ಟಾದರೂ ವೇಗ ಮೊಬೈಲ್‌ಗೂ ಇರಲಿ. ಉಳಿದ ಡೇಟಾ ಪ್ಯಾಕಿನ ಅವಧಿ ಮುಗಿಯುವವರೆಗೆ ಉಳಿಯಲಿ. ಡೇಟಾ ಬೇಡದವರಿಗಾಗಿ ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಸೀಮಿತವಾದ ಪ್ಯಾಕ್ ಇಡಬೇಕೆಂದು ಇದೇ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಡೇಟಾ ಬೇಕಾದವರ ಬಗ್ಗೆಯೂ ಅಷ್ಟೇ ಕಾಳಜಿ ತೋರಿಸುವುದು ಅದಕ್ಕೆ ಸಾಧ್ಯ.

ಅಲ್ಲಿಯವರೆಗೆ ಗ್ರಾಹಕರು ಸುಮ್ಮನಿರಬೇಕಿಲ್ಲ. ಬಿಡಿ ಗ್ರಾಹಕರ ದೂರನ್ನು ಟ್ರಾಯ್ ನೇರವಾಗಿ ವಿಚಾರಿಸುವುದಿಲ್ಲವಾದ್ದರಿಂದ ಮೊದಲು ಕಂಪನಿಯ ದೂರು ಕೇಂದ್ರಕ್ಕೆ, ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೂ ದೂರು ಹೇಳಬಹುದು. ದೂರಸಂಪರ್ಕ ಸೇವೆಯ ವಿವಾದವನ್ನು ಗ್ರಾಹಕ ಆಯೋಗದ ಮುಂದೆ ತರಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪು ನೀಡಿರುವುದರಿಂದ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ದೂರು ಕೊಡುವವರು ಜಾಹೀರಾತಿನ ಫೋಟೊ, ರೀಚಾರ್ಜ್ ಸಂದೇಶ, ‘ಡೇಟಾ ಮುಗಿದಿದೆ’ ಎಂಬ ಸಂದೇಶ ಈ ಮೂರನ್ನೂ ಅಳಿಸದೆ ಇಟ್ಟುಕೊಂಡಿರಲಿ.

ಕೊನೆಯದಾಗಿ ತಮ್ಮಲ್ಲೂ ಒಂದು ವಿನಂತಿ. ಇಂಥ ಪ್ಯಾಕ್‌ಗಳ ಜಾಹೀರಾತು ಕನ್ನಡ ಪತ್ರಿಕೆಗಳ ಮುಖಪುಟವನ್ನೂ ತುಂಬುತ್ತದೆ, ಅಲ್ಲಿಯೂ ಷರತ್ತಿನ ಸಾಲು ತಳದ ಅಂಚಿಗೆ ಸರಿದಿರುತ್ತದೆ. ಜಾಹೀರಾತು ತಮ್ಮ ಕಚೇರಿಗೆ ಬಂದಾಗ ಷರತ್ತುಗಳು ಕನ್ನಡದಲ್ಲಿ, ಓದಲಾಗುವ ಅಕ್ಷರದಲ್ಲಿ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ತಿದ್ದಿ ಕಳಿಸುವಂತೆ ಕೇಳುವ ಪದ್ಧತಿಯನ್ನು ತಮ್ಮ ಪತ್ರಿಕೆಯೇ ಮೊದಲು ಆರಂಭಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ,
ಮಧುಗಿರಿ, ತುಮಕೂರು ಜಿಲ್ಲೆ