ಪೆಲೆ, ಮಾಲ್ಡೀನಿ, ಯಾಶಿನ್: ಒಂದೇ ತಕ್ಕಡಿಗೆ ಹಾಕುವ ಮುನ್ನ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನೀನು ಕಳಿಸಿದ ಎಕ್ಸೆಲ್ ಶೀಟ್ ನೋಡಿದೆ. ಇಪ್ಪತ್ತು ಫುಟ್‌ಬಾಲ್ ಆಟಗಾರರು, ಗೋಲು, ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್), ಗೆದ್ದ ಕಪ್, ಬ್ಯಾಲನ್ ಡಿಓರ್ (ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ) ಅಂತ ನಾಲ್ಕು ಕಾಲಂ, ಕೊನೆಗೆ ಒಟ್ಟು ಅಂಕ. ಮೆಸ್ಸಿ ಮೊದಲನೆಯವನು, ಇಟಲಿಯ ಡಿಫೆಂಡರ್ ಮಾಲ್ಡೀನಿ ಹತ್ತೊಂಬತ್ತನೆಯವನು, ಸೋವಿಯತ್ ಗೋಲ್‌ಕೀಪರ್ ಯಾಶಿನ್ ಇಪ್ಪತ್ತು. ಕೂಡಿಸುವುದರಲ್ಲಿ ನೀನು ತಪ್ಪಿಲ್ಲ ಕಣೋ, ಕೂಡಬಾರದ್ದನ್ನು ಕೂಡಿಸಿದ್ದೀಯ. ಗೋಲು ಆಗದಂತೆ ನೋಡಿಕೊಳ್ಳುವುದೇ ಕಸುಬಾದವನನ್ನು ಗೋಲಿನಲ್ಲಿ ಅಳೆದರೆ ಅವನು ಕೊನೆಗೆ ಬರದೆ ಇನ್ನೆಲ್ಲಿಗೆ ಬಂದಾನು?

ಹಾಗಂತ ಬೇರೆ ಬೇರೆ ಕಾಲದವರನ್ನು ಹೋಲಿಸಲೇಬಾರದು ಅನ್ನುವವರ ಪಕ್ಷ ನನ್ನದಲ್ಲ. ಹೋಲಿಸಬಹುದು. ಆದರೆ ಒಬ್ಬನನ್ನು ಮೊದಲು ಅವನ ಕಾಲದ, ಅವನ ಜಾಗದ, ಅವನ ಲೀಗಿನ ಉಳಿದವರ ಪಕ್ಕ ನಿಲ್ಲಿಸಿ, ಅವರಿಗಿಂತ ಎಷ್ಟು ಎತ್ತರ ಅಂತ ಅಳೆಯಬೇಕು. ಆಮೇಲೆ ಆ ಎತ್ತರಗಳನ್ನು ಹೋಲಿಸು.

ಸುಲಭದ ಜೋಡಿಯೊಂದರಿಂದ ಶುರು ಮಾಡೋಣ. ಗೆರ್ಡ್ ಮುಲ್ಲರ್ 1971-72ರಲ್ಲಿ ಜರ್ಮನಿಯ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ 40 ಗೋಲು ಹೊಡೆದ. ಆ ದಾಖಲೆ ಮುರಿದದ್ದು 2020-21ರಲ್ಲಿ, ಲೆವಾಂಡೋವ್ಸ್ಕಿ 41 ಹೊಡೆದಾಗ. ಇಬ್ಬರೂ ಆಗ ಬಯರ್ನ್ ಮ್ಯೂನಿಕ್‌ನವರು, ಇಬ್ಬರೂ ಸ್ಟ್ರೈಕರ್‌ಗಳು, ಎರಡೂ ಸಲ ಲೀಗಿನಲ್ಲಿ 18 ತಂಡ, 34 ಪಂದ್ಯ. ಬಯರ್ನ್‌ನ ಒಟ್ಟು ಗೋಲು ಮುಲ್ಲರನ ವರ್ಷ 101, ಲೆವಾಂಡೋವ್ಸ್ಕಿಯ ವರ್ಷ 99. ತಂಡದ ಗೋಲಿನಲ್ಲಿ ಮುಲ್ಲರನ ಪಾಲು ನೂರಕ್ಕೆ ಹತ್ತಿರ ಹತ್ತಿರ 40, ಲೆವಾಂಡೋವ್ಸ್ಕಿಯದು 41. ಲೆವಾಂಡೋವ್ಸ್ಕಿ ಆಡಿದ್ದು 29 ಪಂದ್ಯ ಮಾತ್ರ ಅನ್ನುವುದನ್ನು ಪಕ್ಕದಲ್ಲಿ ಬರೆದುಕೊ. ನಲವತ್ತೊಂಬತ್ತು ವರ್ಷದ ಅಂತರವಿದ್ದರೂ ಇಂಥ ಹೋಲಿಕೆ ನಿಲ್ಲುತ್ತದೆ, ಯಾಕೆಂದರೆ ಅಳತೆಗೋಲು ಹೆಚ್ಚು ಕಡಿಮೆ ಒಂದೇ.

ತೊಡಕು ಬರುವುದು ಅಳತೆಗೋಲೇ ಬದಲಾದಾಗ. ವಿಶ್ವಕಪ್ ತೆಗೆದುಕೊ. 1954ರಲ್ಲಿ 26 ಪಂದ್ಯಕ್ಕೆ 140 ಗೋಲು, ಅಂದರೆ ಪಂದ್ಯಕ್ಕೆ 5.38. 1958ರಲ್ಲಿ 35 ಪಂದ್ಯಕ್ಕೆ 126, ಸರಾಸರಿ 3.6. 1990ರಲ್ಲಿ 52 ಪಂದ್ಯಕ್ಕೆ 115, ಬರೀ 2.21. 2022ರಲ್ಲಿ 64 ಪಂದ್ಯಕ್ಕೆ 172, ಅಂದರೆ 2.69. ಈಗ ಹಂಗೇರಿಯ ಕೊಚಿಶ್ 1954ರಲ್ಲಿ 5 ಪಂದ್ಯದಲ್ಲಿ 11 ಹೊಡೆದ, ಪಂದ್ಯಕ್ಕೆ 2.2. ಅದನ್ನು 2022ರ ಬೆಲೆಗೆ ತರಬೇಕಾದರೆ 2.69ನ್ನು 5.38ರಿಂದ ಭಾಗಿಸಿ ಬಂದದ್ದರಿಂದ ಗುಣಿಸು. ಭಾಗಲಬ್ಧ ಸರಿಯಾಗಿ ಅರ್ಧ, ಹಾಗಾಗಿ ಕೊಚಿಶ್ ಪಂದ್ಯಕ್ಕೆ 1.1ಕ್ಕೆ ಇಳಿಯುತ್ತಾನೆ. 2022ರಲ್ಲಿ 7 ಪಂದ್ಯಕ್ಕೆ 8 ಹೊಡೆದ ಎಂಬಾಪೆಯದು 1.14. ಇಳಿಸುವ ಮೊದಲು ಒಬ್ಬ ಇನ್ನೊಬ್ಬನ ಹತ್ತಿರ ಹತ್ತಿರ ಎರಡರಷ್ಟಿದ್ದ, ಈಗ ಇಬ್ಬರೂ ಹೆಗಲಿಗೆ ಹೆಗಲು. ಆದರೆ 1958ರ ಜಸ್ಟ್ ಫೊಂತೇನ್ ಮೇಲೂ ಇದೇ ಲೆಕ್ಕ ಹಾಕಿ ನೋಡು: 6 ಪಂದ್ಯಕ್ಕೆ 13, ಅಂದರೆ 2.17, ಇಳಿಸಿದ ಮೇಲೂ 1.6ರ ಮೇಲೆ ನಿಲ್ಲುತ್ತಾನೆ. ಈ ಹಳಬ ನಿಜಕ್ಕೂ ಎತ್ತರದವನು.

ಈ ಗುಣಾಕಾರವನ್ನೂ ಕಣ್ಣು ಮುಚ್ಚಿ ನಂಬಬೇಡ. ಕೊಚಿಶ್‌ನ 11ರಲ್ಲಿ ಏಳು ಎರಡೇ ಪಂದ್ಯದಲ್ಲಿ ಬಂದವು: ಕೊರಿಯಾವನ್ನು 9-0ಯಲ್ಲಿ ಬಡಿದಾಗ ಮೂರು, ಮೀಸಲು ಆಟಗಾರರನ್ನು ಇಳಿಸಿದ್ದ ಪಶ್ಚಿಮ ಜರ್ಮನಿಯನ್ನು 8-3ರಲ್ಲಿ ಸೋಲಿಸಿದಾಗ ನಾಲ್ಕು. ಹಾಗೆಂದು ತೆಗೆದುಹಾಕುವ ಹಾಗೂ ಇಲ್ಲ, ಬ್ರೆಜಿಲ್ ಮೇಲೆ ಎರಡು, ಉರುಗ್ವೆ ಮೇಲೆ ಎರಡು ಅವನವೇ. ಐದಾರು ಪಂದ್ಯದ ಸರಾಸರಿ ಅಲ್ಲಾಡುವ ಪೀಠದ ಹಾಗೆ, ಅದರ ಮೇಲೆ ಭಾರ ಇಡಬೇಡ. ಲೀಗಿನ ಪೂರ್ತಿ ಸೀಸನ್ ಸಿಕ್ಕಿದರೆ ಅದನ್ನೇ ಹಿಡಿ.

ಗೋಲಿನ ಬೆಲೆ ಏರಿಳಿಯುವುದಕ್ಕೆ ಕಾರಣ ಹೆಚ್ಚಾಗಿ ನಿಯಮ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು; ಚೆಂಡು ಪಡೆಯುವವನಿಗೂ ಗೋಲಿಗೂ ನಡುವೆ ಎದುರಾಳಿಗಳು ಮೂವರ ಬದಲು ಇಬ್ಬರಿದ್ದರೆ ಸಾಕಾಯಿತು. ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ಒಟ್ಟು ಗೋಲು ಒಂದೇ ವರ್ಷದಲ್ಲಿ 4,700ರಿಂದ 6,373ಕ್ಕೆ ಹಾರಿತು. ಎವರ್ಟನ್‌ನ ಡಿಕ್ಸಿ ಡೀನ್ 1927-28ರಲ್ಲಿ ಹೊಡೆದ 60 ಗೋಲು, ರಕ್ಷಣೆಯವರು ಆ ಹೊಸ ನಿಯಮಕ್ಕೆ ಇನ್ನೂ ಒಗ್ಗಿಕೊಳ್ಳುತ್ತಿದ್ದ ಕಾಲದ್ದು. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂತು. ತನ್ನವನು ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಅಲ್ಲಿಂದಾಚೆ ಕೀಪರ್‌ಗೆ ಕಾಲೂ ಕಸುಬಾಯಿತು. ಯಾಶಿನ್‌ನ ಪಾಸ್ ಲೆಕ್ಕ ಹುಡುಕಿ ಜರ್ಮನಿಯ ಕೀಪರ್ ಮ್ಯಾನುಯೆಲ್ ನಾಯರ್ ಜೊತೆ ಇಡಬೇಡ. ಅದು ಆಗ ಅವನಿಂದ ಯಾರೂ ಕೇಳದ ಕೆಲಸ.

ಬದಲಿ ಆಟಗಾರರ ವಿಷಯ ನೀನು ಯೋಚಿಸಿಯೇ ಇಲ್ಲ. ವಿಶ್ವಕಪ್‌ನಲ್ಲಿ ಬದಲಿ ಆಟಗಾರ ಬಂದದ್ದೇ 1970ರಲ್ಲಿ, ಹಳದಿ ಕೆಂಪು ಕಾರ್ಡೂ ಆಗಲೇ. 1966ರಲ್ಲಿ ಪೋರ್ಚುಗಲ್ ವಿರುದ್ಧ ಪೆಲೆ ಏಟು ತಿಂದು ಕುಂಟುತ್ತಲೇ ಮೈದಾನದಲ್ಲಿ ಉಳಿದ, ಹೊರಗೆ ಹೋದರೆ ಬದಲಿಗೆ ಬರುವವನಿಲ್ಲ. ನಿನ್ನ ಶೀಟಿನ ಲೆಕ್ಕಕ್ಕೆ ಅದು ಬರೀ ಗೋಲು ಸೊನ್ನೆ. ಮರಡೋನಾ ಮೇಲೆ 1982ರಲ್ಲಿ ಇಟಲಿಯ ವಿರುದ್ಧ ಒಂದೇ ಪಂದ್ಯದಲ್ಲಿ 23 ಫೌಲ್, 1986ರ ಏಳು ಪಂದ್ಯಗಳಲ್ಲಿ 53. ಇಂದಿನವರಿಗೆ ರೆಫರಿಯ ರಕ್ಷಣೆ ಹೆಚ್ಚು, ನಿಜ. ಆದರೆ ಇಂದು ಚೆಂಡು ಕಾಲಿಗೆ ಬಂದ ಕ್ಷಣಕ್ಕೇ ಇಬ್ಬರು ಮೈಮೇಲೆ ಬರುತ್ತಾರೆ, ಅರವತ್ತನೇ ನಿಮಿಷಕ್ಕೆ ಎದುರಾಳಿ ಹೊಸ ಕಾಲುಗಳನ್ನು ಇಳಿಸುತ್ತಾನೆ. ಎರಡು ಕಡೆಯ ಕಷ್ಟವನ್ನೂ ಬರೆ, ಒಂದೇ ಕಡೆ ಬರೆಯುವುದು ವಕೀಲರ ಕೆಲಸ.

ಈಗ ನಿನ್ನ ಕಾಲಂಗಳಿಗೆ ಬರುತ್ತೇನೆ. ಬ್ಯಾಲನ್ ಡಿಓರ್ ಕಾಲಂ ಅಳಿಸಿಬಿಡು. 1995ಕ್ಕೆ ಮುಂಚೆ ಅದು ಯುರೋಪಿಯನ್ನರಿಗೆ ಮಾತ್ರ ಸಿಗುತ್ತಿತ್ತು. ಪೆಲೆಗೂ ಮರಡೋನಾಗೂ ನೀನು ಹಾಕಿದ ಸೊನ್ನೆ ಅವರ ಪಾಸ್‌ಪೋರ್ಟಿನದು, ಆಟದ್ದಲ್ಲ. ಇಷ್ಟು ವರ್ಷದಲ್ಲಿ ಅದನ್ನು ಗೆದ್ದ ಗೋಲ್‌ಕೀಪರ್ ಒಬ್ಬನೇ, ನೀನು ಕೊನೆಗೆ ತಳ್ಳಿದ ಯಾಶಿನ್, 1963ರಲ್ಲಿ!

ಅಸಿಸ್ಟ್ ಕಾಲಂನಲ್ಲಿ ಹಳಬರಿಗೆಲ್ಲ 0 ತುಂಬಿದ್ದೀಯ. ಆ ಕಾಲದ ಲೀಗ್‌ಗಳಲ್ಲಿ ಅದನ್ನು ಕ್ರಮವಾಗಿ ಬರೆದಿಡುತ್ತಿರಲಿಲ್ಲ. ಲೆಕ್ಕವಿಲ್ಲದ ಕಡೆ ಖಾನೆ ಖಾಲಿ ಬಿಡು. ಎಕ್ಸೆಲ್ ಸರಾಸರಿ ತೆಗೆಯುವಾಗ ಖಾಲಿ ಖಾನೆಯನ್ನು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಸೇರಿಸಿಕೊಳ್ಳುತ್ತದೆ. ನಿನ್ನ ಅರ್ಧ ತಪ್ಪು ಇರುವುದು ಅಲ್ಲೇ.

ಯುರೋಪಿಯನ್ ಕಪ್ ಅನ್ನೂ ಒಂದೇ ತೂಕ ಮಾಡಬೇಡ. ಹಿಂದೆ ಪ್ರತಿ ದೇಶದ ಚಾಂಪಿಯನ್, ಜೊತೆಗೆ ಹಿಂದಿನ ಸಲ ಕಪ್ ಗೆದ್ದ ತಂಡ, ಇಷ್ಟೇ. ಮೊದಲ ಸುತ್ತಿನಿಂದಲೇ ಸೋತವನು ಮನೆಗೆ. 1956ರಲ್ಲಿ ರಿಯಲ್ ಮ್ಯಾಡ್ರಿಡ್ ಏಳು ಪಂದ್ಯ ಆಡಿ ಕಪ್ ಎತ್ತಿತು. ಮುಂದೆ ಅದೇ ಕಪ್ ಚಾಂಪಿಯನ್ಸ್ ಲೀಗ್ ಆಗಿ, ಗುಂಪು ಹಂತವಿದ್ದ 32 ತಂಡಗಳ ಪದ್ಧತಿಯಲ್ಲಿ ಹದಿಮೂರು ಬೇಕಾಯಿತು. ಆ ರಿಯಲ್ ತಂಡದ ಡಿ ಸ್ಟೆಫಾನೊ ಈ ಕಪ್‌ನಲ್ಲಿ 58 ಪಂದ್ಯದಲ್ಲಿ 49 ಹೊಡೆದದ್ದನ್ನು ಇದರ ಜೊತೆ ಇಟ್ಟು ಓದು. ಗುಂಪು ಹಂತದ ಬಡ ತಂಡಗಳ ಮೇಲೆ ಗೋಲು ಕೂಡಿಹಾಕುವ ಅವಕಾಶ ಅವನಿಗಿರಲಿಲ್ಲ.

ಪೆನಾಲ್ಟಿಗೆ ಬೇರೆ ಕಾಲಂ ಬೇಕೇ ಬೇಕು. ಪೆನಾಲ್ಟಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಮೂರು ಗೋಲಾಗುತ್ತದೆ, ಅದು ಯಾರ ಕಾಲಿಗೆ ಬರುತ್ತದೆ ಅನ್ನುವುದು ತಂಡದ ತೀರ್ಮಾನ. ವಿಶ್ವಕಪ್‌ನಲ್ಲಿ ಮರಡೋನಾ 1986, ಮೆಸ್ಸಿ 2022, ಇದನ್ನು ಒಮ್ಮೆ ಹತ್ತಿರದಿಂದ ನೋಡು. ಮರಡೋನಾ 5 ಗೋಲು, 5 ಅಸಿಸ್ಟ್. ಅರ್ಜೆಂಟೀನಾ ಹೊಡೆದದ್ದು 14. ಮೆಸ್ಸಿ 7 ಗೋಲು, 3 ಅಸಿಸ್ಟ್, ತಂಡದ್ದು 15. ಇಬ್ಬರದೂ ಹತ್ತು ಹತ್ತು, ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ. ಈಗ ಪೆನಾಲ್ಟಿ ತೆಗೆ: ಮೆಸ್ಸಿಯ ಏಳರಲ್ಲಿ ನಾಲ್ಕು ಪೆನಾಲ್ಟಿ, ಮರಡೋನಾನ ಐದರಲ್ಲಿ ಒಂದೂ ಇಲ್ಲ. 14ಕ್ಕೆ 10 ಹಾಗೇ ಉಳಿಯಿತು, ಇನ್ನೊಂದು 11ಕ್ಕೆ 6 ಆಯಿತು. ಮರಡೋನಾ ಮೇಲಾದ ಅಂತ ಶೀಟ್ ಮುಚ್ಚುವ ಮೊದಲು ವಯಸ್ಸು ನೋಡು: ಅವನಿಗೆ 25, ಇವನಿಗೆ 35. ಆ ಒಂದು ತಿಂಗಳ ಮಟ್ಟಿಗೆ ಮರಡೋನಾ ಮುಂದೆ ಅನ್ನುವುದು ನನ್ನ ತೀರ್ಪು. ಪೂರ್ತಿ ಆಯುಷ್ಯದ ಲೆಕ್ಕಕ್ಕೆ ಮೆಸ್ಸಿ. ಎರಡನ್ನೂ ಒಂದೇ ಅಂಕದಲ್ಲಿ ಕಲಸಬೇಡ. ಅತ್ಯುತ್ತಮ ಐದು ಸೀಸನ್ ಒಂದು ಕಾಲಂ, ಒಟ್ಟು ವೃತ್ತಿ ಇನ್ನೊಂದು ಕಾಲಂ. ಹಾಗೆ ಮಾಡದಿದ್ದರೆ ಕಾಲಿನ ಗಾಯದಿಂದ 28ಕ್ಕೇ ಆಟ ಮುಗಿದುಹೋದ ವಾನ್ ಬಾಸ್ಟೆನ್‌ನಂಥವನು ಎಂದೂ ಮೇಲೆ ಬರುವುದಿಲ್ಲ.

ಲೀಗಿನಲ್ಲೂ ಹೀಗೇ. ಮೆಸ್ಸಿ 2011-12ರಲ್ಲಿ 50 ಹೊಡೆದ, ಮರಡೋನಾ 1987-88ರಲ್ಲಿ 15 ಹೊಡೆದ ಅಂತ ಎರಡೂ ಸಂಖ್ಯೆ ಕೆಂಪು ಹಸಿರು ಬಣ್ಣ ಹಚ್ಚಿಟ್ಟಿದ್ದೀಯ. ಆ 15 ಗೋಲಿಗೇ ಮರಡೋನಾ ಇಟಲಿಯ ಲೀಗಿನ ಅತಿ ಹೆಚ್ಚು ಗೋಲಿನವನಾದ ಕಣೋ, ಅದೂ 30 ಪಂದ್ಯದ ಲೀಗು. ಹಿಂದಿನ ವರ್ಷ ನಾಪೊಲಿ ಚಾಂಪಿಯನ್ ಆದಾಗ ಇಡೀ ತಂಡ ಹೊಡೆದದ್ದೇ 41. ಮೆಸ್ಸಿಯ ಬಾರ್ಸಿಲೋನಾ 114 ಹೊಡೆದಿತ್ತು. ಸ್ಪೇನಿನಲ್ಲಿ ಆ ವರ್ಷ ಎರಡನೆಯವನು ರೊನಾಲ್ಡೊ, 46. ಮೂರನೆಯವನು ಫಾಲ್ಕಾವೊ, 24. ಮೂರನೆಯವನ ಎರಡರಷ್ಟು ದಾಟಿದ್ದೇ ಮೆಸ್ಸಿಯ ನಿಜವಾದ ಎತ್ತರ. ಎರಡನೆಯವನೊಬ್ಬನನ್ನೇ ಹಿಡಿದರೆ ಆ ಎತ್ತರ ಕಾಣುವುದೇ ಇಲ್ಲ, ಯಾಕೆಂದರೆ ಅವನ ಪಕ್ಕದಲ್ಲಿದ್ದವನೂ ಬೆಟ್ಟವೇ.

ಇನ್ನು ಕಷ್ಟದ್ದು, ಜಾಗ ಬೇರೆ ಬೇರೆಯಾದವರನ್ನು ಹೋಲಿಸುವುದು. ಡಿಫೆಂಡರ್‌ನ ಒಳ್ಳೆಯ ಕೆಲಸ ಲೆಕ್ಕಕ್ಕೆ ಸಿಗುವುದಿಲ್ಲ. ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು) ಎಣಿಸಿದರೆ ಮಾಲ್ಡೀನಿ ಸೋಲುತ್ತಾನೆ. ಸರಿಯಾದ ಜಾಗದಲ್ಲಿ ಮೊದಲೇ ನಿಂತವನಿಗೆ ಜಾರಿ ಬೀಳುವ ಪ್ರಮೇಯ ಕಡಿಮೆ. ತಂಡ ಬಿಟ್ಟುಕೊಟ್ಟ ಗೋಲು ಹಿಡಿಯೋಣವೆಂದರೆ ಅದು ಎಲ್ಲರ ಪಾಲಿನದು. ಮಾಲ್ಡೀನಿಯ ತಂಡ ಮಿಲಾನ್ 1993-94ರ ಲೀಗಿನಲ್ಲಿ 34 ಪಂದ್ಯಕ್ಕೆ 15 ಗೋಲು ಮಾತ್ರ ಬಿಟ್ಟುಕೊಟ್ಟಿತು. ಅದರಲ್ಲಿ ಕೀಪರ್ ರೊಸ್ಸಿ, ತಸ್ಸೊತ್ತಿ, ಬರೇಸಿ, ಕೊಸ್ತಾಕುರ್ತಾ, ಮುಂದೆ ನಿಂತ ದೆಸಾಯಿ, ಎಲ್ಲರಿಗೂ ಹಕ್ಕಿದೆ.

ಅವನು ಇದ್ದಾಗ ಏನು, ಇಲ್ಲದಾಗ ಏನು ಅಂತ ನೋಡುವುದು ಒಳ್ಳೆಯ ದಾರಿ. ಅದರಲ್ಲೂ ಹಳ್ಳವಿದೆ. 1994ರ ಯುರೋಪಿಯನ್ ಫೈನಲ್‌ಗೆ ಬರೇಸಿ, ಕೊಸ್ತಾಕುರ್ತಾ ಇಬ್ಬರೂ ಅಮಾನತಿನಲ್ಲಿದ್ದರು; ಮಿಲಾನ್ ಅಥೆನ್ಸ್‌ನಲ್ಲಿ ಬಾರ್ಸಿಲೋನಾವನ್ನು 4-0ರಿಂದ ಸೋಲಿಸಿತು. ಇದೊಂದನ್ನೇ ನೋಡಿದರೆ ಬರೇಸಿ ಬೇಕಾಗಿಯೇ ಇರಲಿಲ್ಲ ಅನ್ನಬೇಕು! ಅಂದು ಮಾಲ್ಡೀನಿ ಎಡ ಬದಿ ಬಿಟ್ಟು ನಡುವೆ ಬಂದು ಆಡಿದ. ಅವನ ಸಾಲಿನಲ್ಲಿ ಬರೆಯಬೇಕಾದದ್ದು ಇಂಥದ್ದು. ಇನ್ನೊಂದು ಉದಾಹರಣೆ ಮಿಡ್‌ಫೀಲ್ಡರ್ ಮಕೆಲೆಲೆ. 2003ರಲ್ಲಿ ಅವನು ಲೀಗ್ ಗೆದ್ದ ರಿಯಲ್ ಮ್ಯಾಡ್ರಿಡ್ ಬಿಟ್ಟು ಚೆಲ್ಸಿಗೆ ಹೋದ, ಮುಂದಿನ ವರ್ಷ ಮ್ಯಾಡ್ರಿಡ್ ನಾಲ್ಕನೇ ಸ್ಥಾನಕ್ಕೆ ಬಿತ್ತು. ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ಅದೇ ಬೇಸಿಗೆಯಲ್ಲಿ ಕೋಚ್ ಡೆಲ್ ಬಾಸ್ಕ್ ಹೋದ, ನಾಯಕ ಹಿಯೆರೊ ಹೋದ. ಒಬ್ಬನ ತಲೆಗೆ ಕಟ್ಟುವ ಮೊದಲು ಆ ವರ್ಷ ಇನ್ನೇನು ಬದಲಾಯಿತು ಅಂತ ಪಟ್ಟಿ ಮಾಡು. ಕನಿಷ್ಠ ಒಂದು ಸೀಸನ್ ಉದ್ದದ ಗೈರುಹಾಜರಿ ಇರಲಿ.

ಆದ್ದರಿಂದ ಸ್ಟ್ರೈಕರ್, ಮಿಡ್‌ಫೀಲ್ಡರ್, ಡಿಫೆಂಡರ್, ಕೀಪರ್ ಅಂತ ನಾಲ್ಕು ಶೀಟ್ ಮಾಡು. ಒಟ್ಟು ಅಂಕದ ಕಾಲಂ ಬೇಡ. ನಾಲ್ಕರಲ್ಲೂ ಒಂದೇ ಪ್ರಶ್ನೆ ಹಾಕು: ಅವನ ಕಾಲದಲ್ಲಿ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುವವರು ಎಷ್ಟು ಜನರಿದ್ದರು? ಉತ್ತರ ಒಬ್ಬರೂ ಇಲ್ಲ, ಒಬ್ಬಿಬ್ಬರು, ನಾಲ್ಕೈದು, ಬೇಕಾದಷ್ಟು, ಹೀಗಿದ್ದರೆ ಸಾಕು. ಕೀಪರ್‌ನನ್ನೂ ಸ್ಟ್ರೈಕರ್‌ನನ್ನೂ ಪಕ್ಕಪಕ್ಕ ಇಡಲು ನ್ಯಾಯವಾಗಿ ಸಿಗುವ ದಾರಿ ಇದೊಂದೇ.

ಸ್ಟ್ರೈಕರ್ ಸುನಿಲ್ ಛೆಟ್ರಿಯನ್ನೂ ನಮ್ಮ ಬೆಂಗಳೂರಿನ ಅಹ್ಮದ್ ಖಾನ್‌ನನ್ನೂ ಜೊತೆಗಿಟ್ಟು ನೋಡಬೇಕು ಅಂತ ನೀನು ಕೇಳಿದ್ದೆ. ಛೆಟ್ರಿ 2024ರ ಜೂನ್‌ನಲ್ಲಿ ವಿದಾಯ ಹೇಳಿದಾಗ ದೇಶಕ್ಕೆ 151 ಪಂದ್ಯ, 94 ಗೋಲು. ಅಹ್ಮದ್ ಖಾನ್ ಕಾಲದಲ್ಲಿ ಭಾರತ ಆಡುತ್ತಿದ್ದ ಅಂತರರಾಷ್ಟ್ರೀಯ ಪಂದ್ಯಗಳೇ ಬೆರಳೆಣಿಕೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲಿ ಆಡಿದರು. 1952ರಲ್ಲಿ ಯುಗೊಸ್ಲಾವಿಯ 10-1ರಿಂದ ಬಡಿದಾಗ ಆ ಒಂದು ಗೋಲು ಅವನದು. ಅವನ ಜಾಗ ಇನ್‌ಸೈಡ್ ಲೆಫ್ಟ್, ಈಸ್ಟ್ ಬೆಂಗಾಲ್‌ನ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬ, ಚೆಂಡನ್ನು ಪಳಗಿಸಿ ಇತರರಿಗೆ ದಾಟಿಸುವ ಕೆಲಸ. ಇವರಿಬ್ಬರು ಒಂದೇ ಶೀಟಿನವರಲ್ಲ.

ಕೊನೆಗೆ, ಆಟ ನೋಡು. ಹೈಲೈಟ್ ಬೇಡ, ಅದರಲ್ಲಿ ಎಲ್ಲರೂ ದೇವರೇ. ಒಬ್ಬೊಬ್ಬನದು ಮೂರು ಪೂರ್ತಿ ಪಂದ್ಯ: ಹೆಸರಾದದ್ದು ಒಂದು, ಸಾಧಾರಣದ್ದು ಒಂದು, ಸೋತದ್ದು ಒಂದು. ಹದಿನೈದು ನಿಮಿಷಕ್ಕೊಂದರಂತೆ ಆರು ಖಾನೆ ಗೀಚಿಕೊಂಡು ಅವನನ್ನೇ ಹಿಂಬಾಲಿಸು. ಚೆಂಡು ಬರುವ ಮುಂಚೆ ತಲೆ ತಿರುಗಿಸಿ ನೋಡಿದನೇ, ಮೊದಲ ಸ್ಪರ್ಶ ಯಾವ ದಿಕ್ಕಿಗೆ, ತಂಡ ಚೆಂಡು ಕಳೆದುಕೊಂಡ ಕ್ಷಣ ಎಲ್ಲಿದ್ದ, ಇಷ್ಟನ್ನು ಗೀಟು ಹಾಕು. ಹಳೆಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಡಿಫೆಂಡರ್ ಅರ್ಧ ಹೊತ್ತು ಪರದೆಯಲ್ಲೇ ಇರುವುದಿಲ್ಲ. ಆಗ ‘ಕಾಣಲಿಲ್ಲ’ ಅಂತ ಬರೆ, ‘ಏನೂ ಮಾಡಲಿಲ್ಲ’ ಅಂತ ಬರೆಯಬೇಡ.

ಪೆಲೆಯ ಸಾಲಿನಲ್ಲಿ ಸಾವಿರದ ಇನ್ನೂರು ಚಿಲ್ಲರೆ ಗೋಲು ಅಂತ ಹಾಕಿದ್ದೀಯಲ್ಲ, ಅದರಲ್ಲಿ ಸ್ನೇಹಪರ ಪಂದ್ಯಗಳವು, ಸೈನ್ಯದ ತಂಡದವು ಎಲ್ಲ ಸೇರಿವೆ. ಬ್ರೆಜಿಲ್‌ಗೆ 92 ಪಂದ್ಯದಲ್ಲಿ 77 ಅನ್ನುವುದನ್ನು ಒಂದು ಕಾಲಂಗೆ ಹಾಕು, ಲೀಗ್ ಕಪ್‌ಗಳದ್ದು ಇನ್ನೊಂದಕ್ಕೆ, ಸ್ನೇಹಪರದ್ದು ಮೂರನೆಯದಕ್ಕೆ. ಅವನ ಕ್ಲಬ್ ಸ್ಯಾಂಟೋಸ್ ಯುರೋಪಿಗೆ ಹೋಗಿ ದೊಡ್ಡ ಕ್ಲಬ್‌ಗಳ ಜೊತೆ ಆಡಿದ್ದೂ ಆ ಮೂರನೆಯದರಲ್ಲೇ ಬರುತ್ತದೆ, ಹಾಗಾಗಿ ಅದನ್ನು ಕಸ ಅಂತ ಎಸೆಯಬೇಡ. ಈ ಸಾಲು ಸರಿಮಾಡಿ ಮೊದಲು ಇದೊಂದನ್ನೇ ಕಳಿಸು, ಉಳಿದ ಹತ್ತೊಂಬತ್ತು ಆಮೇಲೆ ನೋಡೋಣ. ಅಪ್ಪ ಅಮ್ಮನನ್ನು ಕೇಳಿದೆ ಅಂತ ಹೇಳು.

ಇಂತಿ ನಿನ್ನ
ದೊಡ್ಡಪ್ಪ