ಬೋರ್ಡ್ ಮೀಟಿಂಗಿಗೆ ಹೊರಟ ಮಗಳಿಗೆ

ಪುಟ್ಟಿ,

ಕಂಪನಿಯೊಂದರ ಬೋರ್ಡಿಗೆ ಸ್ವತಂತ್ರ ನಿರ್ದೇಶಕಿಯಾಗಿ ನಿನ್ನನ್ನು ಕರೆದಿದ್ದಾರೆ ಅಂದಾಗ, ಮೊನ್ನೆ ಫೋನಿನಲ್ಲಿ ನಾನು ಅಂದುಬಿಟ್ಟೆ: "ಕಾನೂನಿಗೆ ಒಬ್ಬ ಹೆಂಗಸು ಬೇಕಿತ್ತು, ನಿನ್ನನ್ನು ಕರೆದಿದ್ದಾರೆ." ನೀನು ಫೋನ್ ಇಟ್ಟೆ. ಇಡಬೇಕಾದ್ದೇ. ಷೇರುಪೇಟೆಯ ದೊಡ್ಡ 1000 ಲಿಸ್ಟೆಡ್ ಕಂಪನಿಗಳಲ್ಲಿ ಒಬ್ಬಳಾದರೂ ಸ್ವತಂತ್ರ ನಿರ್ದೇಶಕಿ, ಅಂದರೆ ಮಾಲೀಕರ ಕಡೆಯವಳಲ್ಲದ ನಿರ್ದೇಶಕಿ, ಇರಲೇಬೇಕು ಅಂತ 2020ರಿಂದ ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ನಿಯಮ ಇದೆ, ನಿಜ. ಆದರೆ ಆ ನಿಯಮದಲ್ಲಿ ನಿನ್ನ ಹೆಸರು ಬರೆದಿಲ್ಲವಲ್ಲ. ಇಷ್ಟು ವರ್ಷ ಟೀವಿಯಲ್ಲಿ ಕಂಪನಿ ಮುಖ್ಯಸ್ಥರ ಬೆವರಿಳಿಸಿದವಳನ್ನೇ ಹುಡುಕಿ ಕರೆದಿದ್ದಾರೆ. ತಪ್ಪಾಯಿತು ಮಗಳೇ.

ಹಾಗಂದದ್ದು ಭಯಕ್ಕೆ. ಷೇರಿನ ಮಾತು ನನ್ನ ತಲೆಗೆ ಅಷ್ಟಾಗಿ ಹತ್ತುವುದಿಲ್ಲ. ಟೀವಿ ಶಬ್ದ ಆರಿಸಿ ಸುಮ್ನೆ ನಿನ್ನ ಮುಖ ನೋಡುತ್ತಾ ಕೂರುತ್ತಿದ್ದೆ. 2009ರ ಜನವರಿ 7ರಂದು ಮಾತ್ರ ಶಬ್ದ ಜಾಸ್ತಿ ಮಾಡಿದೆ. ಸತ್ಯಂ ಅನ್ನುವ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷರು ಮೋಸ ಒಪ್ಪಿಕೊಂಡು ಬರೆದ ಪತ್ರ ಓದುತ್ತಿದ್ದೆ ನೀನು. ಬ್ಯಾಂಕಿನಲ್ಲಿ 5,361 ಕೋಟಿ ರೂಪಾಯಿ ಇದೆ ಅಂತ ಲೆಕ್ಕ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಅಲ್ಲಿಗೆ ಬಂದು ನಿಂತುಬಿಟ್ಟೆ. ನೇರ ಪ್ರಸಾರದಲ್ಲಿ ನೀನು ತಡವರಿಸಿದ್ದು ನಾನು ಕಂಡಂತೆ ಅದೊಂದೇ ಸಲ.

ಅದಕ್ಕೆ ಮೂರು ವಾರ ಮೊದಲು, ಡಿಸೆಂಬರ್ 16ರಂದು, ಅಧ್ಯಕ್ಷರ ಮನೆಯವರದೇ ಎರಡು ಕಂಪನಿ ಕೊಳ್ಳುವುದಕ್ಕೆ ಸತ್ಯಂ ಬೋರ್ಡ್ ಒಪ್ಪಿತ್ತು. ಅದರಲ್ಲಿ ಪ್ರೊಫೆಸರುಗಳಿದ್ದರು, ಕೇಂದ್ರದ ಸಂಪುಟ ಕಾರ್ಯದರ್ಶಿಯಾಗಿದ್ದವರಿದ್ದರು. ಪ್ರಶ್ನೆಯನ್ನೂ ಕೇಳಿದರಂತೆ. ಕೊನೆಗೆ ಎಲ್ಲರೂ ಹ್ಞೂಂ ಅಂದರು. ಆ ಹ್ಞೂಂ ಇನ್ನೂ ನನ್ನ ನಿದ್ದೆ ಕೆಡಿಸುತ್ತದೆ. ಅಷ್ಟು ಓದಿದವರು! ಇಲ್ಲಿಯವರೆಗೆ ಪ್ರಶ್ನೆ ಕೇಳಿದ್ದಕ್ಕೆ ನಿನಗೆ ಸಂಬಳ ಬರುತ್ತಿತ್ತು. ಬೋರ್ಡಿನಲ್ಲಿ ಸುಮ್ನೆ ತಲೆಯಾಡಿಸಿ ಎದ್ದು ಬಂದರೂ ಫೀಸು ಬರುತ್ತದೆ.

ಅಜೆಂಡಾ ಕಾಗದ ಹಿಂದಿನ ರಾತ್ರಿ ಕಳಿಸಿದರೆ ಒಪ್ಪಬೇಡ. ದುಡ್ಡು ಬ್ಯಾಂಕಿನಲ್ಲಿದೆ ಅಂದರೆ, ಬ್ಯಾಂಕೇ ಆಡಿಟರಿಗೆ ನೇರವಾಗಿ ಬರೆದ ಕಾಗದ ಎಲ್ಲಿ ಅಂತ ಕೇಳು. ಬೇಡ ಅನಿಸಿದರೆ ಬಾಯಲ್ಲಿ ಹೇಳಿ ಬಿಡಬೇಡ, ಮಿನಿಟ್ಸ್‌ನಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ, ಬರೆಸು. ಮುಂದಿನ ಸಭೆಯಲ್ಲಿ ಅದನ್ನು ಬರೆದಿದ್ದಾರಾ ಅಂತ ಓದಿ ನೋಡು. ಉಪದೇಶ ಮಾಡಬಾರದು ಅಂತಲೇ ಬರೆಯಲು ಕೂತೆ, ನೋಡು. ಅದೂ ನಿನ್ನ ಕಾರ್ಯಕ್ರಮ ನೋಡಿ ಕಲಿತದ್ದನ್ನೇ ನಿನಗೆ ಹೇಳುತ್ತಿದ್ದೇನೆ.

ಇನ್ನೊಂದು. ನೀನು ಸೇರುತ್ತಿರುವ ಕಂಪನಿಯ 40 ಷೇರು ನನ್ನ ಹತ್ತಿರ ಇವೆ, ಎಂದೋ ಕೊಂಡದ್ದು. ಒಳಗಿನ ಸುದ್ದಿ ನಿನಗೆ ಗೊತ್ತಿರುತ್ತದೆ, ಹಾಗಾಗಿ ಮಾರಲೋ ಇಟ್ಟುಕೊಳ್ಳಲೋ ಅಂತ ಇನ್ನು ನಿನ್ನನ್ನು ಕೇಳುವ ಹಾಗಿಲ್ಲ. ಸೋಮವಾರ ಹೋದಾಗ ಈ ಷೇರಿನ ವಿಷಯ ಕಂಪನಿ ಸೆಕ್ರೆಟರಿಗೆ ಹೇಳಿಬಿಡು. ಫೋನಿನಲ್ಲಿ ಬೇರೆ ಏನಾದರೂ ಮಾತಾಡೋಣ. ಮಾಡ್ತೀಯ ಅಲ್ವಾ?

ಅಪ್ಪ